ಕುಮಾರಿ ಎಗ್ಲಂಟೈನ್ ಜೆಬ್: ಮಕ್ಕಳ ಜೀವನೋಪಾಯವೂ ಮಕ್ಕಳ ಹಕ್ಕೂ



ಪ್ರತಿವರ್ಷವೂ ಹತ್ತನೆಯ ತರಗತಿಯ ಪರೀಕ್ಷೆಯ ಫಲಿತಾಂಶವು ಹೊರಬಿದ್ದ ಮರುದಿನ ನಮ್ಮ ಕಚೇರಿಯ ಮುಂದಿನ ಬೆಂಚಿನ ಮೇಲೆ ತಂದೆತಾಯಂದಿರು ಅಂಕಪಟ್ಟಿಯನ್ನು ಕೈಯಲ್ಲಿ ಹಿಡಿದು ಕುಳಿತಿರುತ್ತಾರೆ. ಹುಡುಗಿಯನ್ನು ಮುಂದೆ ವಿಜ್ಞಾನಕ್ಕೆ ಸೇರಿಸಬೇಕೋ ವಾಣಿಜ್ಯಕ್ಕೆ ಸೇರಿಸಬೇಕೋ, ದಾದಿಯರ ತರಬೇತಿಗೆ ಕಳುಹಿಸಬೇಕೋ, ಅಥವಾ ಓದು ಇಷ್ಟಕ್ಕೇ ಸಾಕೋ ಎಂದು ನಮ್ಮನ್ನು ಕೇಳುತ್ತಾರೆ. ನಾವು ನಮಗೆ ತೋರಿದ್ದನ್ನು ಹೇಳುತ್ತೇವೆ. ಅಷ್ಟು ಹೊತ್ತೂ ಹುಡುಗಿಯು ಬಾಗಿಲ ಮರೆಯಲ್ಲಿ ನಿಂತಿರುತ್ತಾಳೆ. ಅವಳ ಮುಂದಿನ ಜೀವಿತವೇ ನಿಶ್ಚಯವಾಗುತ್ತಿರುವ ಆ ಮಾತುಕತೆಯಲ್ಲಿ ಎಲ್ಲರ ಮಾತೂ ಇರುತ್ತದೆ, ಅವಳದು ಮಾತ್ರ ಇರುವುದಿಲ್ಲ.

ಈ ಬೆಂಚನ್ನು ನೆನೆದಾಗಲೆಲ್ಲ ನಮಗೆ ಒಬ್ಬ ಮಹನೀಯಳ ಜೀವಿತವು ನೆನಪಿಗೆ ಬರುವುದು. ಆಕೆಯು ನಮ್ಮಂತೆಯೇ ತರಬೇತಿ ಪಡೆದ ಉಪಾಧ್ಯಾಯಿನಿ. ಆದರೆ ಆ ವೃತ್ತಿಯಲ್ಲಿ ನೆಲೆನಿಲ್ಲಲಾರದೆ ಹೋದವರು. ಜಗತ್ತಿನ ಮಕ್ಕಳಿಗೆ ಹಕ್ಕುಗಳುಂಟೆಂಬುದನ್ನು ರಾಷ್ಟ್ರಗಳ ಮುಂದೆ ಬರೆದಿಟ್ಟು, ಆ ಹಕ್ಕುಗಳಲ್ಲಿ ಜೀವನೋಪಾಯಕ್ಕೆ ಸಿದ್ಧಗೊಳ್ಳುವ ಹಕ್ಕನ್ನೂ ಸೇರಿಸಿದವರು. ಆಕೆಯೇ ಕುಮಾರಿ ಎಗ್ಲಂಟೈನ್ ಜೆಬ್. ಅನೇಕರು ಇವರನ್ನು ಹಸಿದ ಮಕ್ಕಳಿಗೆ ಅನ್ನವಿತ್ತವರೆಂದು ಬಲ್ಲರು. ಮಕ್ಕಳ ಉದ್ಯೋಗದ ವಿಷಯದಲ್ಲಿ ಇವರು ಮಾಡಿದ ಕೆಲಸವನ್ನು ಬಲ್ಲವರು ಕಡಿಮೆ. ಅದನ್ನೇ ಈ ಪುಟಗಳಲ್ಲಿ ನಿವೇದಿಸಬೇಕೆಂದಿದ್ದೇವೆ.

ಜೆಬ್‌ರವರು ೧೮೭೬ನೆಯ ಇಸವಿ ಆಗಸ್ಟ್ ೨೫ರಂದು ಇಂಗ್ಲೆಂಡಿನ ಶ್ರಾಪ್‌ಷೈರ್ ಸೀಮೆಯ ಎಲ್ಸ್‌ಮಿಯರ್ ಎಂಬ ಊರಿನಲ್ಲಿ ಅನುಕೂಲಸ್ಥರಾದ ಭೂಮಾಲಿಕರ ಮನೆಯಲ್ಲಿ ಜನಿಸಿದರು. ತಾಯಿಯು ಸುಮ್ಮನೆ ಕುಳಿತುಕೊಳ್ಳುವ ಗೃಹಿಣಿಯಾಗಿರಲಿಲ್ಲ. ಹಳ್ಳಿಯ ಬಡ ಹುಡುಗರಿಗೆ ಮರಗೆತ್ತನೆ ಮುಂತಾದ ಕೈಕಸುಬುಗಳನ್ನು ಕಲಿಸಲಾರಂಭಿಸಿ, ಅದೇ ಉದ್ದೇಶದಿಂದ ೧೮೮೪ರಲ್ಲಿ ದೇಶವ್ಯಾಪಿಯಾದ ಗೃಹಕಲೆಗಳ ಸಂಘವೊಂದನ್ನು ಸ್ಥಾಪಿಸಿದವರು ಅವರು. ಕೈಯಲ್ಲಿ ಕಸುಬಿದ್ದ ಹುಡುಗನಿಗೆ ತಲೆಯೆತ್ತಿ ನಡೆಯುವ ಧೈರ್ಯವು ಬರುವುದೆಂಬುದನ್ನು ಎಗ್ಲಂಟೈನ್ ತಮ್ಮ ಮನೆಯಂಗಳದಲ್ಲಿಯೇ ಕಂಡರು. ಸೋದರತ್ತೆಯೊಬ್ಬರು ಕೇಂಬ್ರಿಜ್‌ನ ನ್ಯೂನಂ ಕಾಲೇಜಿನಲ್ಲಿ ಓದಿದವರು. ಹೆಣ್ಣುಮಕ್ಕಳಿಗೂ ಉನ್ನತ ವಿದ್ಯೆ ಬೇಕೆಂದು ಸೋದರನ ಮಕ್ಕಳನ್ನು ಹುರಿದುಂಬಿಸಿದವರು ಅವರೇ.

ತಂದೆಯು ೧೮೯೪ರಲ್ಲಿ ತೀರಿಕೊಂಡರು. ಮರುವರ್ಷ ಎಗ್ಲಂಟೈನ್ ಆಕ್ಸ್‌ಫರ್ಡಿನ ಲೇಡಿ ಮಾರ್ಗರೆಟ್ ಹಾಲ್ ಎಂಬ ಸ್ತ್ರೀಯರ ವಿದ್ಯಾಲಯವನ್ನು ಸೇರಿ ಚರಿತ್ರೆಯನ್ನು ಅಭ್ಯಾಸಮಾಡಿದರು. ಓದುತ್ತಿರುವಾಗಲೇ, ೧೮೯೬ರಲ್ಲಿ, ಶಾಲಾಬಾಲಕನಾಗಿದ್ದ ಪ್ರೀತಿಯ ತಮ್ಮನು ಮೃತನಾದನು. ಆ ದುಃಖವು ಅವರನ್ನು ಬಹುಕಾಲ ಬಿಡಲಿಲ್ಲ. ೧೮೯೮ರಲ್ಲಿ ವ್ಯಾಸಂಗವು ಮುಗಿಯಿತು. ಆಗ ಆಕ್ಸ್‌ಫರ್ಡಿನಲ್ಲಿ ಸ್ತ್ರೀಯರು ಪರೀಕ್ಷೆಗೆ ಕುಳಿತು ತೇರ್ಗಡೆಯಾಗಬಹುದಾಗಿದ್ದಿತೇ ಹೊರತು ಪದವಿಯನ್ನು ಪಡೆಯುವಂತಿರಲಿಲ್ಲ. ಆ ಅಧಿಕಾರವು ಅವರಿಗೆ ದೊರೆತದ್ದು ೧೯೨೦ರಲ್ಲಿ.

ಸ್ಥಿತಿವಂತರ ಮನೆಯ ಹೆಣ್ಣುಮಗಳು ಬಡವರ ಮಕ್ಕಳ ಪ್ರಾಥಮಿಕ ಶಾಲೆಯಲ್ಲಿ ಕಲಿಸುವುದೆಂದರೆ ಆ ಕಾಲದಲ್ಲಿ ಸಾಮಾನ್ಯ ಸಂಗತಿಯಾಗಿರಲಿಲ್ಲ. ಜೆಬ್‌ರವರು ಇದನ್ನು ತಮ್ಮ ಕರ್ತವ್ಯವೆಂದು ಭಾವಿಸಿದರು. ಲಂಡನ್ನಿನ ಸ್ಟಾಕ್‌ವೆಲ್ ತರಬೇತಿ ಕಾಲೇಜಿನಲ್ಲಿ ಒಂದು ವರ್ಷ ಕಲಿತು, ೧೮೯೯ರಲ್ಲಿ ಮಾರ್ಲ್‌ಬರೊ ಎಂಬ ಪಟ್ಟಣದ ಸಂತ ಪೇತ್ರನ ಹೆಸರಿನ ಹುಡುಗಿಯರ ಶಾಲೆಯಲ್ಲಿ ಉಪಾಧ್ಯಾಯಿನಿಯಾದರು. ಮಕ್ಕಳಿಗೆ ಅವರಲ್ಲಿ ಪ್ರೀತಿಯಿದ್ದಿತು. ಆದರೆ ಅವರಿಗೆ ಮಾತ್ರ ತಮ್ಮ ಬೋಧನೆಯಲ್ಲಿ ನಂಬಿಕೆಯುಂಟಾಗಲಿಲ್ಲ. ತರಗತಿಯನ್ನು ಆಳುವ ಬಗೆಯು ತಮಗೆ ಒಲಿದಿಲ್ಲವೆಂದು ದಿನದಿನವೂ ಕೊರಗಿದರು, ದೇಹವೂ ಸೋತಿತು. ಎರಡು ವರ್ಷಗಳು ತುಂಬುವ ಮೊದಲೇ ಆ ಕೆಲಸವನ್ನು ಬಿಟ್ಟು ಹೊರಬಂದರು.

ಈ ಸೋಲನ್ನು ನಾವು ಮುಚ್ಚಿಡಲಿಚ್ಛಿಸುವುದಿಲ್ಲ. ಒಳ್ಳೆಯ ಮನಸ್ಸು, ಉತ್ತಮ ವಿದ್ಯೆ, ಸರಿಯಾದ ತರಬೇತಿ ಈ ಮೂರೂ ಇದ್ದರೂ ಸ್ವಭಾವಕ್ಕೆ ಒಗ್ಗದ ವೃತ್ತಿಯು ಮನುಷ್ಯರನ್ನು ಹೇಗೆ ಬಳಲಿಸುವುದೆಂಬುದನ್ನು ಜೆಬ್‌ರವರು ಪುಸ್ತಕದಿಂದ ಕಲಿತವರಲ್ಲ, ಅನುಭವಿಸಿ ಅರಿತವರು. ಅವರಿಗಾದರೋ ತಪ್ಪಿದ ದಾರಿಯಿಂದ ಹಿಂದಿರುಗುವುದಕ್ಕೆ ಮನೆಯಿದ್ದಿತು, ಹಣವಿದ್ದಿತು. ತಾವು ಕಲಿಸಿದ ಬಡ ಹುಡುಗಿಯರಿಗೆ ಹಾಗೆ ಹಿಂದಿರುಗುವ ಅವಕಾಶವಿಲ್ಲವೆಂಬುದನ್ನೂ ಅವರು ಕಣ್ಣಾರೆ ಕಂಡಿದ್ದರು.

೧೯೦೧ರಲ್ಲಿ ಅವರು ತಾಯಿಯೊಡನೆ ಕೇಂಬ್ರಿಜ್ ನಗರದಲ್ಲಿ ನೆಲಸಿದರು. ಅಲ್ಲಿನ ದಾನಧರ್ಮಗಳ ವ್ಯವಸ್ಥಾಪಕ ಸಂಘದಲ್ಲಿ ಕೆಲಸಮಾಡುತ್ತ ಬಡವರ ಬೀದಿಗಳಲ್ಲಿ ಸಂಚರಿಸಿ, ಮನೆಮನೆಯ ಸ್ಥಿತಿಯನ್ನು ವಿಚಾರಿಸಿ, ೧೯೦೬ರಲ್ಲಿ ಆ ನಗರದ ಸಾಮಾಜಿಕ ಪ್ರಶ್ನೆಗಳನ್ನು ಕುರಿತ ಗ್ರಂಥವೊಂದನ್ನು ಪ್ರಕಟಿಸಿದರು. ಕೇಂಬ್ರಿಜ್ ಎಂದೊಡನೆ ನಮಗೆ ವಿದ್ವಾಂಸರ ನೆನಪಾಗುವುದು. ಆದರೆ ಆ ವಿದ್ವಾಂಸರ ಪಾತ್ರೆ ತೊಳೆಯುವವರೂ ಹೊರೆ ಹೊರುವವರೂ ಅದೇ ಊರಿನಲ್ಲಿದ್ದರಷ್ಟೆ. ಕಾಲೇಜುಗಳು ತೆರೆದಿರುವಾಗ ಅವರಿಗೆ ಕೆಲಸ; ದೀರ್ಘ ರಜೆಯಲ್ಲಿ ಉಪವಾಸ.

ಅಲ್ಲಿಯ ಹುಡುಗರ ಪಾಡು ಇನ್ನೂ ಶೋಚನೀಯವಾಗಿದ್ದಿತು. ಹದಿಮೂರು ಹದಿನಾಲ್ಕನೆಯ ವಯಸ್ಸಿಗೆ ಶಾಲೆಯನ್ನು ಬಿಟ್ಟ ಹುಡುಗನು ಅಂಗಡಿಯ ಸಾಮಾನನ್ನು ಮನೆಮನೆಗೆ ಮುಟ್ಟಿಸುವ ಕೆಲಸಕ್ಕೋ, ಓಲೆ ಒಯ್ಯುವ ಕೆಲಸಕ್ಕೋ ಸೇರುತ್ತಿದ್ದನು. ಒಡನೆಯೇ ನಾಲ್ಕು ಕಾಸು ಕೈಗೆ ಬರುತ್ತಿದ್ದುದರಿಂದ ಮನೆಯವರಿಗೂ ಸಂತೋಷವೇ. ಹದಿನೇಳು ಹದಿನೆಂಟು ತುಂಬಿ ಆಳಿನ ಸಂಬಳವನ್ನು ಕೇಳುವ ವಯಸ್ಸಾದಾಗ ಯಜಮಾನನು ಅವನನ್ನು ಬಿಡಿಸಿ ಮತ್ತೊಬ್ಬ ಚಿಕ್ಕ ಹುಡುಗನನ್ನಿಟ್ಟುಕೊಳ್ಳುತ್ತಿದ್ದನು. ಕಸುಬೊಂದನ್ನೂ ಕಲಿಯದೆ, ಕಲಿಯುವ ಪ್ರಾಯವನ್ನೂ ಕಳೆದುಕೊಂಡು, ಅವನು ಬೀದಿಯಲ್ಲಿ ನಿಲ್ಲುತ್ತಿದ್ದನು. ಮುಂದಕ್ಕೆ ದಾರಿಯೇ ಇಲ್ಲದ ಇಂತಹ ಕೆಲಸಗಳು ಆ ದೇಶದ ಎಲ್ಲ ನಗರಗಳ ವ್ಯಾಧಿಯಾಗಿದ್ದುವು. ಶಾಲೆ ಬಿಡುವ ಮಕ್ಕಳಿಗೆ ಉದ್ಯೋಗಗಳ ತಿಳಿವಳಿಕೆಯನ್ನು ಕೊಡುವ ಕಚೇರಿಗಳು ಬೇಕೆಂದು ಮರಿಯಾ ಓಗಿಲ್ವಿ ಗಾರ್ಡನ್ ಎಂಬ ಸ್ಕಾಟ್ಲೆಂಡಿನ ಭೂವಿಜ್ಞಾನಿ ಮಹಿಳೆಯು ೧೯೦೪ರಲ್ಲಿಯೇ ಸೂಚಿಸಿದ್ದರು.

ಕೇಂಬ್ರಿಜ್‌ನಲ್ಲಿ ಫ್ಲಾರೆನ್ಸ್ ಏಡ ಕೇನ್ಸ್ ಎಂಬ ಸಮಾಜಸೇವಕಿಯು, ಅಂದರೆ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್‌ರ ತಾಯಿಯವರು, ಈ ಕಾರ್ಯಕ್ಕೆ ಬೆಂಬಲವಾಗಿ ನಿಂತರು. ೧೯೦೭ರಲ್ಲಿ ಹುಡುಗರ ಉದ್ಯೋಗ ನೋಂದಣಿ ಕಚೇರಿಯು ತೆರೆಯಿತು. ಅದರ ಭಾರವನ್ನು ಜೆಬ್‌ರವರು ಹೊತ್ತರು. ಮೊದಲು ಸಿಕ್ಕಿದ ಕೆಲಸಕ್ಕೆ ಹುಡುಗನನ್ನು ತಳ್ಳದೆ, ಅವನು ಬಲ್ಲದ್ದೇನು, ಬಯಸುವುದೇನು ಎಂದು ವಿಚಾರಿಸಿ, ಕಸುಬು ಕಲಿಸುವ ಯಜಮಾನನ ಬಳಿಗೆ ಅವನನ್ನು ಮುಟ್ಟಿಸುವುದು ಇಂತಹ ಕಚೇರಿಗಳ ಉದ್ದೇಶವಾಗಿದ್ದಿತು. ಮುಂದೆ ಕೇನ್ಸ್‌ರ ಮಗಳು ಮಾರ್ಗರೆಟ್ ಈ ಕೆಲಸವನ್ನು ನಡೆಸಿಕೊಂಡು ಹೋದರು. ಹೆಸರೇ ಹೇಳುವಂತೆ ಅದು ಹುಡುಗರಿಗಾಗಿ ತೆರೆದ ಕಚೇರಿ. ಸ್ತ್ರೀಯರು ಕಟ್ಟಿ ಸ್ತ್ರೀಯರೇ ನಡೆಸಿದ ಸಂಸ್ಥೆಯೂ ಮೊದಲು ಹುಡುಗರನ್ನೇ ನೆನೆಯಿತೆಂಬುದನ್ನು ಹೆಣ್ಣುಮಕ್ಕಳ ಶಾಲೆಯವರಾದ ನಾವು ಗಮನಿಸದೆ ಇರಲಾರೆವು. ೧೯೧೦ರಲ್ಲಿ ಆಂಗ್ಲ ಶಾಸನಸಭೆಯು, ಹದಿನೇಳು ವರ್ಷಕ್ಕೊಳಗಿನ ಹುಡುಗ ಹುಡುಗಿಯರಿಬ್ಬರಿಗೂ ಉದ್ಯೋಗವನ್ನಾರಿಸಿಕೊಳ್ಳುವುದರಲ್ಲಿ ಸಲಹೆ ಕೊಡುವ ಅಧಿಕಾರವನ್ನು ಸ್ಥಳೀಯ ವಿದ್ಯಾಧಿಕಾರಿಗಳಿಗೆ ಕೊಡುವ ಶಾಸನವನ್ನು ಮಾಡಿತು.

ತಾಯಿಯ ಅಸ್ವಸ್ಥತೆಯಿಂದ ಜೆಬ್‌ರವರು ಕೇಂಬ್ರಿಜ್‌ನ ಕಾರ್ಯಗಳಿಂದ ಹಿಂದೆ ಸರಿಯಬೇಕಾಯಿತು. ೧೯೧೩ರಲ್ಲಿ ಬಾಲ್ಕನ್ ಯುದ್ಧದ ಸಂತ್ರಸ್ತರಿಗೆ ನೆರವನ್ನೊಯ್ಯಲು ಮ್ಯಾಸಿಡೋನಿಯಕ್ಕೆ ಹೋಗಿಬಂದರು. ನಿರಾಶ್ರಿತರ ಮಕ್ಕಳನ್ನು ಕಂಡ ಆ ಪ್ರಯಾಣವು ಅವರ ಮನಸ್ಸಿನಲ್ಲಿ ನಾಟಿತು. ಅನಂತರ ಮೊದಲನೆಯ ಮಹಾಯುದ್ಧವು ಬಂದಿತು. ೧೯೧೮ರ ನವೆಂಬರಿನಲ್ಲಿ ಕಾದಾಟವು ನಿಂತರೂ ಮಿತ್ರರಾಷ್ಟ್ರಗಳು ಶತ್ರುದೇಶಗಳ ಮೇಲೆ ಹಾಕಿದ್ದ ದಿಗ್ಬಂಧನವು ಮುಂದುವರಿಯಿತು. ವಿಯೆನ್ನ ಮುಂತಾದ ನಗರಗಳಲ್ಲಿ ಮಕ್ಕಳು ಅನ್ನವಿಲ್ಲದೆ ಕೃಶರಾದರು. ತಂಗಿಯಾದ ಡೊರೊತಿ ಬಕ್ಸ್‌ಟನ್‌ರೊಡನೆ ಸೇರಿ ಎಗ್ಲಂಟೈನ್ ಇದರ ವಿರುದ್ಧ ಪ್ರಚಾರಕ್ಕಿಳಿದರು. ೧೯೧೯ರ ವಸಂತದಲ್ಲಿ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಹಸಿದ ಮಗುವಿನ ಚಿತ್ರವಿದ್ದ ಕರಪತ್ರವನ್ನು ಸರಕಾರದ ಅನುಮತಿಯಿಲ್ಲದೆ ಹಂಚಿದರೆಂದು ಅವರ ಮೇಲೆ ಮೊಕದ್ದಮೆ ನಡೆದು, ನ್ಯಾಯಾಲಯವು ಐದು ಪೌಂಡು ದಂಡವನ್ನು ವಿಧಿಸಿತು. ಸರಕಾರದ ಪರವಾಗಿ ವಾದಿಸಿದ ವಕೀಲರೇ ಆ ಐದು ಪೌಂಡನ್ನು ಅವರ ಕೈಗೆ ಕೊಟ್ಟರೆಂದು ಹೇಳುತ್ತಾರೆ.

ಆ ತಿಂಗಳು ಕಳೆಯುವುದರೊಳಗೆ, ಮೇ ೧೯ರಂದು, ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮಹಾಸಭೆಯು ಸೇರಿ ಮಕ್ಕಳ ರಕ್ಷಣಾ ನಿಧಿಯು ಸ್ಥಾಪಿತವಾಯಿತು. ಶತ್ರುವಿನ ಮಕ್ಕಳಿಗೆ ಅನ್ನವಿಕ್ಕುವವರೆಂದು ನಿಂದಿಸಿದವರುಂಟು. ಆದರೆ ನಾನಾ ಕ್ರೈಸ್ತ ಪಂಗಡಗಳವರೂ ಇತರರೂ ಈ ಕಾರ್ಯದಲ್ಲಿ ಒಂದಾದರು. ರೋಮಿನ ಜಗದ್ಗುರು ಹದಿನೈದನೆಯ ಬೆನೆಡಿಕ್ಟರೂ ಬೆಂಬಲವಿತ್ತರು. ೧೯೨೦ರ ಜನವರಿಯಲ್ಲಿ ಜಿನೀವ ನಗರದಲ್ಲಿ ಅಂತರರಾಷ್ಟ್ರೀಯ ಒಕ್ಕೂಟವು ಹುಟ್ಟಿತು. ೧೯೨೧ರಲ್ಲಿ ರಷ್ಯದಲ್ಲಿ ಮಹಾಕ್ಷಾಮವುಂಟಾದಾಗ ಈ ನಿಧಿಯು ಹಡಗಿನಲ್ಲಿ ಆಹಾರವನ್ನು ಕಳುಹಿಸಿ, ಸರಾತೊವ್ ಪ್ರಾಂತದಲ್ಲಿ ಒಂದು ಕಾಲಕ್ಕೆ ನಿತ್ಯವೂ ಸುಮಾರು ೩ ಲಕ್ಷ ಮಕ್ಕಳಿಗೆ ಊಟವನ್ನಿಕ್ಕಿತು.

ಇಷ್ಟು ಮಾಡಿದರೂ ಜೆಬ್‌ರವರಿಗೆ ತೃಪ್ತಿಯಾಗಲಿಲ್ಲ. ಇಂದು ಉಂಡ ಮಗುವು ನಾಳೆ ದೊಡ್ಡದಾಗುವುದು. ಆಗ ಅದರ ಗತಿಯೇನು? ಕೇಂಬ್ರಿಜ್‌ನ ಬೀದಿಯ ಹುಡುಗರು ಅವರ ನೆನಪಿನಿಂದ ಮಾಸಿರಲಿಲ್ಲ. ಹಂಗೆರಿಯ ರಾಜಧಾನಿಯಾದ ಬುಡಾಪೆಸ್ಟಿನಲ್ಲಿ ವಾಯ್ಕೈ ಎಂಬ ಮಹಿಳೆಯು ನಡೆಸುತ್ತಿದ್ದ ಕಸುಬಿನ ಶಾಲೆಗಳಿಗೆ ನಿಧಿಯು ಆಧಾರವಾಯಿತು. ಅಲ್ಲಿ ಬಡ ಮಕ್ಕಳಿಗೆ ಊಟದೊಡನೆ ಕೈಕೆಲಸವನ್ನೂ ಕಲಿಸುತ್ತಿದ್ದರು. ಕಲಿತವರಲ್ಲಿ ಹುಡುಗಿಯರು ಬಹುಮಂದಿ.

೧೯೨೩ರ ಒಂದು ಭಾನುವಾರ ಜೆಬ್‌ರವರು ಜಿನೀವದ ಬಳಿಯ ಸಾಲೇವ್ ಬೆಟ್ಟವನ್ನೇರಿ, ಅಲ್ಲಿ ಏಕಾಂತದಲ್ಲಿ ಮಕ್ಕಳ ಹಕ್ಕುಗಳನ್ನು ಕುರಿತು ಯೋಚಿಸಿದರೆಂದು ಹೇಳುತ್ತಾರೆ. ಅವರು ಸಿದ್ಧಪಡಿಸಿದ ಘೋಷಣೆಯಲ್ಲಿ ಐದೇ ಅಂಶಗಳು. ಮಗುವಿನ ದೇಹ ಮತ್ತು ಆತ್ಮಗಳ ಬೆಳವಣಿಗೆಗೆ ಬೇಕಾದುದನ್ನು ಒದಗಿಸತಕ್ಕದ್ದೆಂಬುದು ಮೊದಲನೆಯದು. ಹಸಿದವರಿಗೆ ಅನ್ನ, ರೋಗಿಗಳಿಗೆ ಶುಶ್ರೂಷೆ, ಹಿಂದುಳಿದವರಿಗೆ ಸಹಾಯ, ತಪ್ಪಿನಡೆದವರಿಗೆ ತಿದ್ದುವಿಕೆ, ಅನಾಥರಿಗೆ ಆಶ್ರಯ ಎಂಬುದು ಎರಡನೆಯದು. ಆಪತ್ಕಾಲದಲ್ಲಿ ಮೊದಲ ನೆರವು ಮಕ್ಕಳಿಗೆಂಬುದು ಮೂರನೆಯದು. ಮಗುವನ್ನು ತನ್ನ ಜೀವನೋಪಾಯವನ್ನು ತಾನೇ ಗಳಿಸುವಂತೆ ಸಮರ್ಥಗೊಳಿಸಬೇಕು, ಅದನ್ನು ಯಾವ ಬಗೆಯಲ್ಲಿಯೂ ಸುಲಿಗೆಗೆ ಗುರಿಪಡಿಸಬಾರದೆಂಬುದು ನಾಲ್ಕನೆಯದು. ತನ್ನ ಉತ್ತಮ ಶಕ್ತಿಗಳು ಇತರರ ಸೇವೆಗಾಗಿ ಇರುವುವೆಂಬ ಅರಿವಿನಿಂದ ಮಗುವು ಬೆಳೆಯಬೇಕೆಂಬುದು ಐದನೆಯದು. ೧೯೨೪ರ ಸೆಪ್ಟೆಂಬರ್ ೨೬ರಂದು ಅಂದಿನ ರಾಷ್ಟ್ರಸಂಘವು ಇದನ್ನು ಅಂಗೀಕರಿಸಿತು. ಜಿನೀವ ಘೋಷಣೆಯೆಂದು ಇದು ಪ್ರಸಿದ್ಧವಾಗಿದೆ.

ನಾಲ್ಕನೆಯ ಅಂಶವನ್ನು ವಾಚಕರು ಇನ್ನೊಮ್ಮೆ ಮನಸ್ಸಿಟ್ಟು ನೋಡಬೇಕು. ದುಡಿಯಲು ಸಮರ್ಥಗೊಳಿಸುವುದೂ ಸುಲಿಗೆಯಿಂದ ಕಾಪಾಡುವುದೂ ಅಲ್ಲಿ ಒಂದೇ ಉಸಿರಿನಲ್ಲಿ ಬಂದಿವೆ. ಕಸುಬನ್ನು ಕಲಿಸುತ್ತೇವೆಂದು ಹೇಳಿ ಮಗುವನ್ನು ಹಿಂಡುವವರು ಎಲ್ಲ ಕಾಲದಲ್ಲಿಯೂ ಇರುವರೆಂಬುದನ್ನು ಜೆಬ್‌ರವರು ಬಲ್ಲವರಾಗಿದ್ದರು.

ಜೆಬ್‌ರವರು ವಿವಾಹವಾಗಲಿಲ್ಲ. ಅವರಿಗೆ ಸ್ವಂತ ಮಕ್ಕಳಿರಲಿಲ್ಲ. ಮಕ್ಕಳ ಗುಂಪಿನ ನಡುವೆ ಅವರು ಅಷ್ಟು ಹಾಯಾಗಿರುತ್ತಿದ್ದವರೂ ಅಲ್ಲ. ಇದನ್ನು ಕೇಳಿ ಕೆಲವರು ಆಶ್ಚರ್ಯಪಡಬಹುದು. ನಮಗಾದರೋ ಅವರ ಜೀವಿತದ ಸಾರವೇ ಇಲ್ಲಿದೆಯೆಂದು ತೋರುವುದು. ಒಲಿದವರಿಂದ ಮಾತ್ರ ದೊರೆಯುವುದು ದಯೆ. ಯಾರು ಒಲಿಯಲಿ ಒಲಿಯದಿರಲಿ ದೊರೆಯಲೇಬೇಕಾದುದು ಹಕ್ಕು. ಮುದ್ದಾದ ಮಗುವಿಗೂ, ಮುದ್ದಿಲ್ಲದ ಮಗುವಿಗೂ, ಶತ್ರುವಿನ ಮಗುವಿಗೂ ಸಲ್ಲುವ ಬಾಕಿಯನ್ನು ಅವರು ಲೆಕ್ಕದಲ್ಲಿ ಬರೆದಿಟ್ಟರು.

ಯೌವನದಿಂದಲೂ ಗಳಗ್ರಂಥಿಯ ವ್ಯಾಧಿಯಿಂದ ನರಳಿದ ಅವರು ೧೯೨೮ರ ಡಿಸೆಂಬರ್ ೧೭ರಂದು ತಮ್ಮ ೫೨ನೆಯ ವಯಸ್ಸಿನಲ್ಲಿ ಜಿನೀವದಲ್ಲಿ ದೈವಾಧೀನರಾದರು. ಆ ನಗರವು ೨೦೨೪ರಲ್ಲಿ ಅವರ ಅಸ್ಥಿಗಳನ್ನು ತನ್ನ ಗಣ್ಯರ ಸ್ಮಶಾನಕ್ಕೆ ಬರಮಾಡಿಕೊಂಡು ಗೌರವಿಸಿತು.

ಅವರ ಘೋಷಣೆಯಲ್ಲಿ ಒಂದು ಕೊರತೆಯಿದ್ದಿತು. ಮಗುವಿಗೆ ಏನೇನನ್ನು ಕೊಡಬೇಕೆಂಬುದು ಅದರಲ್ಲಿತ್ತು. ಮಗುವನ್ನು ಕೇಳಬೇಕೆಂಬುದು ಇರಲಿಲ್ಲ. ಆ ಕೊರತೆಯು ತುಂಬಲು ಅರುವತ್ತೈದು ವರ್ಷಗಳು ಬೇಕಾದುವು. ವಿಶ್ವಸಂಸ್ಥೆಯು ೧೯೫೯ರಲ್ಲಿ ಘೋಷಣೆಯನ್ನು ಹತ್ತು ತತ್ತ್ವಗಳಾಗಿ ವಿಸ್ತರಿಸಿ, ೧೯೮೯ರ ನವೆಂಬರ್ ೨೦ರಂದು ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. ನಮ್ಮ ದೇಶವು ೧೯೯೨ರ ಡಿಸೆಂಬರಿನಲ್ಲಿ ಅದಕ್ಕೆ ಸೇರಿತು. ತನಗೆ ಸಂಬಂಧಪಟ್ಟ ವಿಷಯಗಳಲ್ಲಿ ಅಭಿಪ್ರಾಯವನ್ನು ಹೇಳುವ ಹಕ್ಕು ಮಗುವಿಗುಂಟು, ಅದಕ್ಕೆ ವಯಸ್ಸಿಗೂ ತಿಳಿವಳಿಕೆಗೂ ತಕ್ಕ ಮನ್ನಣೆ ಸಲ್ಲಬೇಕೆಂದು ಅದರ ೧೨ನೆಯ ವಿಧಿಯು ಹೇಳುವುದು. ವಿದ್ಯೆಯನ್ನೂ ವೃತ್ತಿಯನ್ನೂ ಕುರಿತ ತಿಳಿವಳಿಕೆ ಮತ್ತು ಮಾರ್ಗದರ್ಶನವು ಎಲ್ಲ ಮಕ್ಕಳಿಗೂ ಎಟುಕುವಂತಿರಬೇಕೆಂದು ೨೮ನೆಯ ವಿಧಿಯು ಹೇಳುವುದು. ಆರ್ಥಿಕ ಸುಲಿಗೆಯಿಂದ ಮಗುವನ್ನು ಕಾಪಾಡಬೇಕೆಂಬುದು ೩೨ನೆಯ ವಿಧಿ. ಕೇಂಬ್ರಿಜ್‌ನ ಆ ಚಿಕ್ಕ ಕಚೇರಿಯಲ್ಲಿ ಉಪಕಾರವಾಗಿ ನಡೆದುದು ಇಂದು ಮಗುವಿಗೆ ಸಲ್ಲಬೇಕಾದ ಋಣವಾಗಿದೆ.

ಈ ಋಣವನ್ನು ನಾವು ತೀರಿಸಿದ್ದೇವೆಯೇ? ನಮ್ಮ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ. ಕೆಲವು ವರ್ಷಗಳ ಕೆಳಗೆ ಒಬ್ಬ ವಿದ್ಯಾರ್ಥಿನಿಯ ತಾಯಿಯು ಅದೇ ಬೆಂಚಿನ ಮೇಲೆ ಕುಳಿತಿದ್ದರು. ಹುಡುಗಿಗೆ ಒಳ್ಳೆಯ ಅಂಕಗಳು ಬಂದಿದ್ದುವು, ಮನೆಯಲ್ಲಿ ಬಡತನ. ಬೇಗನೆ ಕೆಲಸ ಸಿಕ್ಕುವುದೆಂದು ನಾವು ದಾದಿಯರ ತರಬೇತಿಯನ್ನು ಸೂಚಿಸಿದೆವು; ಅರ್ಜಿಯನ್ನೂ ನಾವೇ ತುಂಬಿಸಿದೆವು. ದಾದಿಯ ವೃತ್ತಿಯು ಪವಿತ್ರವಾದುದು. ಆದರೆ ಆ ಹುಡುಗಿಗೆ ರಕ್ತವನ್ನು ಕಂಡರೆ ತಲೆ ಸುತ್ತುತ್ತಿದ್ದಿತು. ವರ್ಷ ತುಂಬುವುದರೊಳಗೆ ತರಬೇತಿಯನ್ನು ಬಿಟ್ಟು ಮನೆಗೆ ಮರಳಿದಳು. ಕಟ್ಟಿದ ಹಣವು ಹಿಂದಿರುಗಲಿಲ್ಲ, ಸಾಲವು ಉಳಿಯಿತು. ಬಹುಕಾಲದ ಮೇಲೆ ಹಳೆಯ ವಿದ್ಯಾರ್ಥಿನಿಯರ ಕೂಟಕ್ಕೆ ಬಂದಾಗ, ತನಗೆ ಚಿಕ್ಕಂದಿನಿಂದಲೂ ಯಂತ್ರಗಳನ್ನು ಬಿಚ್ಚಿ ಜೋಡಿಸುವುದರಲ್ಲಿ ಆಸೆಯಿತ್ತೆಂದೂ, ಪಾಲಿಟೆಕ್ನಿಕ್ಕಿಗೆ ಸೇರಬೇಕೆಂದಿದ್ದೆನೆಂದೂ, ಆದರೆ ಯಾರೂ ಕೇಳಲಿಲ್ಲವಾದ್ದರಿಂದ ಹೇಳಲಿಲ್ಲವೆಂದೂ ತಿಳಿಸಿದಳು. ಅವಳ ಮಾತಿನಲ್ಲಿ ದೂರಿರಲಿಲ್ಲ. ಈಗ ತನ್ನ ಊರಿನಲ್ಲಿ ಹೊಲಿಗೆಯ ಯಂತ್ರಗಳನ್ನು ರಿಪೇರಿ ಮಾಡುವ ಅಂಗಡಿಯನ್ನಿಟ್ಟುಕೊಂಡಿದ್ದಾಳೆ. ಆ ಸಾಲವು ತೀರಲು ಆರು ವರ್ಷಗಳು ಹಿಡಿದುವಂತೆ. ನಮ್ಮ ದಯೆಯಲ್ಲಿ ಕೊರತೆಯಿರಲಿಲ್ಲ. ಅವಳ ಹಕ್ಕನ್ನು ನಾವು ಮರೆತಿದ್ದೆವು.

ಇನ್ನೊಂದು ಸಂಗತಿಯನ್ನೂ ತಂದೆತಾಯಂದಿರು ತಿಳಿದಿರಬೇಕು. ಹುಡುಗಿಯರನ್ನು ತಮ್ಮಲ್ಲಿಗೆ ಕಳುಹಿಸಿದರೆ ತಲೆಗಿಷ್ಟೆಂದು ಕೊಡುತ್ತೇವೆಂದು ನಮ್ಮ ಕಚೇರಿಗೆ ಬಂದು ಹೇಳಿದವರುಂಟು. ಅವರನ್ನು ಬಂದ ದಾರಿಯಲ್ಲಿಯೇ ಹಿಂದಕ್ಕೆ ಕಳುಹಿಸಿದೆವು. ಸಲಹೆ ಹೇಳುವವರು ಇನ್ನೊಂದು ಕಡೆಯಿಂದ ಹಣವನ್ನು ಪಡೆದರೆ ಅದು ಮಗುವಿನ ಮಾರಾಟವೇ ಸರಿ. ಜೆಬ್‌ರವರ ನಾಲ್ಕನೆಯ ಅಂಶವು ತಡೆಯಹೊರಟಿದ್ದುದು ಇಂತಹದನ್ನೇ.

ಆದುದರಿಂದ ನಮ್ಮ ಶಾಲೆಯಲ್ಲಿ ಈಗ ಈ ಕ್ರಮವನ್ನು ಅನುಸರಿಸುತ್ತಿದ್ದೇವೆ. ಒಂಬತ್ತನೆಯ ತರಗತಿಯಲ್ಲಿಯೇ ಪ್ರತಿಯೊಬ್ಬ ಹುಡುಗಿಯೊಡನೆ ಪ್ರತ್ಯೇಕವಾಗಿ ಮಾತನಾಡಿ, ಅವಳ ಇಷ್ಟವನ್ನು ಅವಳ ಮಾತಿನಲ್ಲಿಯೇ ಬರೆದಿಡುತ್ತೇವೆ. ಅವಳ ಒಪ್ಪಿಗೆಯಿಲ್ಲದೆ ಅದನ್ನು ಯಾರಿಗೂ ತೋರಿಸುವುದಿಲ್ಲ. ಯಾವ ಓದಿಗೆ ಎಷ್ಟು ವರ್ಷ, ಎಷ್ಟು ಹಣ, ಯಾವ ವಿದ್ಯಾರ್ಥಿವೇತನ, ಕೊನೆಗೆ ಯಾವ ಕೆಲಸ ಎಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಸುತ್ತೇವೆ. ತಂದೆಯ ಕಸುಬು, ಜಾತಿ, ಮೈಬಣ್ಣ, ಅಂಗವೈಕಲ್ಯ, ಹೆಣ್ಣೆಂಬುದು ಇವುಗಳಲ್ಲಿ ಯಾವುದನ್ನೂ ನೋಡಿ ಬಾಗಿಲನ್ನು ಮುಚ್ಚುವುದಿಲ್ಲ. ಹಾಗೆಂದು ಮಕ್ಕಳು ಕೇಳಿದುದೆಲ್ಲವೂ ಆಗಲೇಬೇಕೆಂದು ನಾವು ಹೇಳುತ್ತಿಲ್ಲ. ತಂದೆತಾಯಂದಿರ ಅನುಭವವು ಬೆಲೆಯುಳ್ಳದ್ದು, ಮನೆಯ ಕಷ್ಟವೂ ನಿಜವಾದುದು. ಆದರೆ ಅವೆರಡನ್ನೂ ಮಗುವಿನೊಡನೆ ಕುಳಿತು ಆಲೋಚಿಸಬೇಕು. ಮಗುವನ್ನು ಹೊರಗೆ ನಿಲ್ಲಿಸಿ ಅಲ್ಲ.

ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮದೊಂದು ಬಿನ್ನಹವುಂಟು. ನಿಮ್ಮಲ್ಲಿ ವೈದ್ಯರೂ ದಾದಿಯರೂ ಇದ್ದೀರಿ, ಬ್ಯಾಂಕಿನವರೂ ಕೃಷಿಕರೂ ಇದ್ದೀರಿ, ಹೊಲಿಗೆಯವರೂ ಅಂಗಡಿಯವರೂ ಇದ್ದೀರಿ. ವರ್ಷಕ್ಕೊಂದು ಶನಿವಾರ ಶಾಲೆಗೆ ಬಂದು, ನಿಮ್ಮ ಕೆಲಸದ ಸುಖವನ್ನೂ ಕಷ್ಟವನ್ನೂ, ಕೈಗೆ ಬರುವ ಸಂಬಳವನ್ನೂ, ನೀವು ಮಾಡಿದ ತಪ್ಪುಗಳನ್ನೂ ಈ ಮಕ್ಕಳಿಗೆ ಇದ್ದುದಿದ್ದಂತೆ ಹೇಳಿರಿ. ಹೊಲಿಗೆಯ ಯಂತ್ರದ ಅಂಗಡಿಯ ಆ ನಮ್ಮ ವಿದ್ಯಾರ್ಥಿನಿಯು ಬರಲು ಒಪ್ಪಿದ್ದಾಳೆ. ಯಂತ್ರವೊಂದನ್ನೂ ತರುವಳಂತೆ, ಮಕ್ಕಳು ಅದನ್ನು ಬಿಚ್ಚಿ ನೋಡಬಹುದೆಂದು ಹೇಳಿ ಕಳುಹಿಸಿದ್ದಾಳೆ.